ಚಿಕ್ಕಮುನಿಯಪ್ಪನವರ ಟ್ಯಾಂಕಿನಲ್ಲಿ ಹೆಚ್ಚಾದ ಪೆಟ್ರೋಲು

ಪೆಟ್ರೋಲು ಕಡಿಮೆಯಾಗಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ. ಮೆಕ್ಯಾನಿಕ್ಕಿನ ಹತ್ತಿರ ಗಾಡಿ ಬಿಟ್ಟರೆ ಪೆಟ್ರೋಲು ಕಡಿಮೆಯಾಗುವುದು ಲೋಕಾರೂಢಿ. ಚಿಕ್ಕಮುನಿಯಪ್ಪನವರು ಅದಕ್ಕೆ ತಯಾರಾಗಿಯೇ ಹೋಗಿದ್ದರು. ಬೈಯಬೇಕಾದ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದರು. ನೂರುಲ್ಲಾನ ಗ್ಯಾರೇಜಿನ ಮುಂದೆ ತಮ್ಮ ಜಾವಾ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮುಚ್ಚಳ ತೆಗೆದು, ಜೇಬಿನಿಂದ ತೆಂಗಿನ ಕಡ್ಡಿಯೊಂದನ್ನು ಹೊರಗೆಳೆದು, ಒಳಗೆ ಇಳಿಬಿಟ್ಟು ಮೇಲಕ್ಕೆತ್ತಿ ನೋಡಿದರು. ಒದ್ದೆಯ ಗುರುತು ಅವರು ಹಿಂದಿನ ದಿನ ಉಗುರಿನಿಂದ ಗೀರಿದ್ದ ಗೆರೆಗಿಂತ ಮೇಲಿತ್ತು. ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿದರು. ಮತ್ತೂ ಮೇಲೇ ಇತ್ತು. ಬೈಗುಳವನ್ನೆಲ್ಲ ಬಾಯಲ್ಲೇ ಉಳಿಸಿಕೊಂಡು ಗಾಡಿ ತೆಗೆದುಕೊಂಡು ಬಂದರು.

ಸಂಜೆ ಕಾಂಪೌಂಡಿನ ಆಚೆಯಿಂದ ನನ್ನನ್ನು ಕರೆದರು.

"ಕಮ್ಮಿ ಆಗಿದ್ರೆ ಕಳ್ಳತನ ರಾಯ್ರೇ. ಅರ್ಥ ಆಗುತ್ತೆ. ಜಾಸ್ತಿ ಆಗಿದೆ. ಏನರ್ಥ? ಯೋಚ್ನೆ ಮಾಡಿ."

"ಒಳ್ಳೆಯವನಿರಬೇಕು," ಎಂದೆ.

ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ಮೇಲೂ ಸಣ್ಣದೊಂದು ಅನುಮಾನ ಹುಟ್ಟಿದ್ದು ಕಂಡಿತು.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿತ್ತು. ಆರ್.ಟಿ. ನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಸಂಜೆಯಾದರೆ ಹೆಬ್ಬಾಳದ ಕೆರೆಯ ಕಪ್ಪೆಗಳು ನಮ್ಮ ಮನೆಯೊಳಗೇ ಕೂಗಿದಂತೆ ಕೇಳಿಸುತ್ತಿತ್ತು. ನಾನು ಒಂದು ಸರ್ಕಾರಿ ಕಚೇರಿಯ ಗುಮಾಸ್ತ, ಒಂದು ರಾಜದೂತ್ ಗಾಡಿಯ ಯಜಮಾನ. ಪಕ್ಕದ ಮನೆಯ ಚಿಕ್ಕಮುನಿಯಪ್ಪನವರು ಜಾಲಹಳ್ಳಿ ಕಡೆಯ ಒಂದು ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಹೆಡ್ ವಾಚ್‌ಮನ್. ಅವರು ತಮ್ಮನ್ನು 'ಸೆಕ್ಯುರಿಟಿ' ಎಂದು ಹೇಳಿಕೊಳ್ಳುತ್ತಿದ್ದರು. ವಾಚ್‌ಮನ್ ಎಂದವನ ಊಟದ ಡಬ್ಬಿಯನ್ನು ಅವತ್ತು ಎರಡೆರಡು ಸಲ ತೆಗೆಸುತ್ತಿದ್ದರು. ಪಾಳಿ ಬಿಟ್ಟು ಹೊರಗೆ ಬರುವ ಪ್ರತಿಯೊಬ್ಬನೂ ಡಬ್ಬಿ ತೆರೆದು ತೋರಿಸಬೇಕು. ಅಷ್ಟು ವರ್ಷಗಳ ನೌಕರಿಯಲ್ಲಿ ಒಂದೇ ಒಂದು ಸಲ ಯಾರದೋ ಮೊಸರನ್ನದೊಳಗೆ ಒಂದು ಬೇರಿಂಗು ಸಿಕ್ಕಿತ್ತು. ಆ ಒಂದು ಬೇರಿಂಗಿನ ಬಲದ ಮೇಲೆ ಅವರು ಇಡೀ ಮನುಷ್ಯಕುಲವನ್ನು ಅಳೆದುಬಿಟ್ಟಿದ್ದರು. ಮನೆಯಲ್ಲಿ ಹಾಲಿನವನ ಪಾತ್ರೆಯೊಳಗೆ ಬೆರಳು ಅದ್ದುತ್ತಿದ್ದರು. ಹೆಂಡತಿ ಸುಬ್ಬಮ್ಮ ಮಾಡಿದ ಸಾರನ್ನು ಮೂಸದೆ ಬಾಯಿಗಿಡುತ್ತಿರಲಿಲ್ಲ. ನಾನು ನಮಸ್ಕಾರ ಎಂದರೆ, ಯಾಕೆ ಎಂದು ಒಂದು ಕ್ಷಣ ಯೋಚಿಸಿ ಆಮೇಲೆ ನಮಸ್ಕಾರ ಎನ್ನುತ್ತಿದ್ದರು.

ಇಂಥವರು ಜಗತ್ತಿನಲ್ಲಿ ಅರ್ಧ ನಂಬುತ್ತಿದ್ದದ್ದು ತಮ್ಮ ಜಾವಾವನ್ನು. ಕಿಕ್ಕರ್ರೂ ಗೇರೂ ಒಂದೇ ಲಿವರಿನಲ್ಲಿರುವ ಗಾಡಿ ಅದು. ಗೊತ್ತಿಲ್ಲದವನು ಕದ್ದರೂ ಶುರು ಮಾಡಲಾರ ಎಂಬುದೇ ಅವರು ಅದನ್ನು ಕೊಂಡಿದ್ದಕ್ಕೆ ಕಾರಣ.

ಓದುಗರನ್ನು ಅನುಮಾನದಲ್ಲಿ ಇಡುವುದು ನನ್ನ ಉದ್ದೇಶವಲ್ಲ. ಆ ಕೆಲಸಕ್ಕೆ ಚಿಕ್ಕಮುನಿಯಪ್ಪನವರೊಬ್ಬರೇ ಸಾಕು. ನಮಗೆ ಆಮೇಲೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ.

ಗಾಡಿ ರಿಪೇರಿಯಾದ ಮೇಲೆ ಮೆಕ್ಯಾನಿಕ್ಕುಗಳು ಅದನ್ನು ಒಂದು ಸುತ್ತು ಓಡಿಸಿ ನೋಡುತ್ತಾರೆ. ಅದಕ್ಕೆ 'ಟ್ರಯಲ್' ಎನ್ನುತ್ತಾರೆ. ನಮ್ಮ ಕಡೆಯ ಟ್ರಯಲ್ ಎಂದರೆ ಮೇಖ್ರಿ ಸರ್ಕಲ್‌ವರೆಗೆ ಹೋಗಿ ವಾಪಸ್ಸು ಬರುವುದು. ನೂರುಲ್ಲಾ ಮಾತ್ರ ಆಗ ಕೆಲವು ದಿನಗಳಿಂದ ಯಾರ ಗಾಡಿ ಸಿದ್ಧವಾಗಿದ್ದರೆ ಅದನ್ನೇ ಹತ್ತಿ ಊರಿನ ದಕ್ಷಿಣದ ತುದಿಯವರೆಗೆ ಟ್ರಯಲ್ ಮಾಡುತ್ತಿದ್ದ. ಅಲ್ಲಿ ಕ್ಯಾನ್ಸರ್ ಆಸ್ಪತ್ರೆ. ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದವಳು ನಮ್ಮ ಬೀದಿಗೆ ಸೊಪ್ಪು ಮಾರಲು ಬರುವ ತಣಿಸಂದ್ರದ ಮುನಿಕೆಂಪಮ್ಮ. ಕಡ್ಡಿಪುಡಿ ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿದು ಜಗಿದು ಅವಳ ಎಡಗೆನ್ನೆಯ ಒಳಗೆ ಹುಣ್ಣಾಗಿತ್ತು. ಡಾಕ್ಟರು ಆರು ವಾರ ಕರೆಂಟು, ಅಂದರೆ ವಿಕಿರಣದ ಚಿಕಿತ್ಸೆ, ಕೊಡಬೇಕೆಂದಿದ್ದರು. ಮಧ್ಯೆ ನಿಲ್ಲಿಸಿದರೆ ಅಲ್ಲಿಯವರೆಗೆ ಕೊಟ್ಟದ್ದೂ ದಂಡ ಎಂದೂ ಹೇಳಿದ್ದರು. ತಣಿಸಂದ್ರಕ್ಕೆ ಸರಿಯಾಗಿ ಬಸ್ಸಿಲ್ಲ. ಬೆಳಿಗ್ಗೆ ಸೊಪ್ಪು ಮಾರಿ, ಹೆಬ್ಬಾಳಕ್ಕೆ ನಡೆದು, ಬಸ್ಸಿನ ಮೇಲೆ ಬಸ್ಸು ಹಿಡಿದು ಹೋಗುವ ಹೊತ್ತಿಗೆ ಕರೆಂಟಿನ ಸರದಿ ಮುಗಿದಿರುತ್ತಿತ್ತು.

ಸೊಪ್ಪು ಬಿಡುವಂತಿರಲಿಲ್ಲ, ಅವಳ ಮನೆ ನಡೆಯುತ್ತಿದ್ದದ್ದೇ ಅದರಿಂದ. ವಿಷಯ ಹೊರಗೆ ಬಿಡುವಂತೆಯೂ ಇರಲಿಲ್ಲ. ಆಗ ಜನ ಆ ಕಾಯಿಲೆಯ ಹೆಸರನ್ನೂ ಹೇಳುತ್ತಿರಲಿಲ್ಲ, 'ಆ ಕಾಯಿಲೆ' ಎನ್ನುತ್ತಿದ್ದರು. ಮುಟ್ಟಿದರೆ ಅಂಟುತ್ತದೆ ಎಂದು ನಂಬಿದವರು ಅವಳ ಕೈಯ ಸೊಪ್ಪು ತಿನ್ನುತ್ತಾರೆಯೇ? ಕೇಳಿದವರಿಗೆಲ್ಲ ಹಲ್ಲುನೋವು ಎಂದು ಸೆರಗು ಮುಚ್ಚಿಕೊಳ್ಳುತ್ತಿದ್ದಳು. ನೂರುಲ್ಲಾನಿಗೆ ಹೇಗೆ ಗೊತ್ತಾಯಿತೆಂದರೆ, ಅವನ ತಾಯಿ ಸುಗ್ರಾಬೀಯೂ ಹೀಗೆಯೇ ಹಲ್ಲುನೋವು ಎನ್ನುತ್ತಿದ್ದರು. ಅರ್ಧಕ್ಕೆ ಕರೆಂಟು ಬಿಟ್ಟು ತೀರಿಕೊಂಡರು. ಬೇರೆಯವರ ಗಾಡಿ ಓಡಿಸುವುದಾದ್ದರಿಂದ ಅವನು ತನ್ನ ಖರ್ಚಿನಿಂದ ಪೆಟ್ರೋಲು ಹಾಕಿಸುತ್ತಿದ್ದ. ಲೆಕ್ಕ ತಪ್ಪಬಾರದೆಂದು ಒಂದು ಗುಟುಕು ಹೆಚ್ಚೇ ಹಾಕಿಸುತ್ತಿದ್ದ. ಆ ಒಂದು ಗುಟುಕೇ ಮುಳುವಾಯಿತು.

ಚಿಕ್ಕಮುನಿಯಪ್ಪನವರು ಮುಂದಿನ ವಾರ ಮತ್ತೆ ಜಾವಾವನ್ನು ನೂರುಲ್ಲಾನಿಗೆ ಕೊಟ್ಟರು. ಕೆಟ್ಟಿದ್ದಕ್ಕಲ್ಲ, ಹಿಡಿಯುವುದಕ್ಕೆ. ಆ ವಾರದಿಂದ ಅವರಿಗೆ ಎರಡನೇ ಪಾಳಿ, ಬೆಳಿಗ್ಗೆ ಬಿಡುವು. ನನಗೆ ರಜೆ ಹಾಕಿಸಿ ನನ್ನ ರಾಜದೂತಿನ ಹಿಂದೆ ಕೂತರು. ಮೇಖ್ರಿ ಸರ್ಕಲ್ಲಿನಲ್ಲಿ ಒಂದು ಮರದ ಕೆಳಗೆ ನಿಂತೆವು. ಮುಖಕ್ಕೆ ಟವೆಲ್ಲು ಸುತ್ತಿಕೊಳ್ಳಿ ಎಂದರು. ಇಬ್ಬರು ನಡುವಯಸ್ಸಿನವರು ಹಾಡಹಗಲಲ್ಲಿ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ನಿಂತರೆ ಎಷ್ಟು ಜನ ನಿಂತು ನೋಡುತ್ತಾರೆಂಬುದು ನನಗೆ ಅವತ್ತು ತಿಳಿಯಿತು.

ಜಾವಾ ಬಂತು. ಮುಂದೆ ನೂರುಲ್ಲಾ. ಹಿಂದೆ ತಲೆಯಿಂದ ಮೊಣಕಾಲಿನವರೆಗೆ ಶಾಲು ಹೊದ್ದ ಒಂದು ಆಕೃತಿ.

"ಮಾಲು!" ಎಂದು ಚಿಕ್ಕಮುನಿಯಪ್ಪನವರು ನನ್ನ ಬೆನ್ನಿಗೆ ಗುದ್ದಿದರು. "ಹೊಡೀರಿ ಗಾಡಿ!"

"ಅದು ಮನುಷ್ಯ ಕಣ್ರೀ."

"ಮನುಷ್ಯನ ಒಳಗೆ ಮಾಲು. ನಡೀರಿ, ನಡೀರಿ."

ದಂಡು ಪ್ರದೇಶದ ಹತ್ತಿರ ಅವರು ಕಣ್ತಪ್ಪಿಹೋದರು. ಹೊಸೂರು ರಸ್ತೆಯ ಕಡೆ ತಿರುಗಿದ್ದನ್ನು ಕಂಡಿದ್ದೆವು. ಆ ದಾರಿಯನ್ನೇ ಹಿಡಿದು ಹೋಗಿ, ಹುಡುಕಿ, ಕೊನೆಗೆ ಆಸ್ಪತ್ರೆಯ ಸ್ಟ್ಯಾಂಡಿನಲ್ಲಿ ಜಾವಾ ಕಂಡೆವು. ಒಳಗೆ ಇಣುಕಿದರೆ ರೋಗಿಗಳ ಬೆಂಚಿನ ಮೇಲೆ ನೂರುಲ್ಲಾ ಒಬ್ಬನೇ ತಲೆ ತಗ್ಗಿಸಿ ಕೂತಿದ್ದ. ಶಾಲಿನ ಆಕೃತಿ ಎಲ್ಲೂ ಇಲ್ಲ. ಅಷ್ಟರಲ್ಲಿ ಬಿಳಿ ಕೋಟಿನವನೊಬ್ಬ ಬಾಗಿಲು ತೆರೆದು "ನೂರುಲ್ಲಾ ಯಾರ್ರೀ? ಬನ್ನಿ ಒಳಗೆ" ಎಂದು ಕೂಗಿದ. ನೂರುಲ್ಲಾ ಎದ್ದು ಹೋದ.

ಒಳಗಿದ್ದ ಮುನಿಕೆಂಪಮ್ಮ ಮೇಜಿನಿಂದ ಇಳಿಯುವಾಗ ತಲೆಸುತ್ತಿ ಕೂತುಬಿಟ್ಟಿದ್ದಳು, ಕೈಹಿಡಿದು ಕರೆತರಲು ಅವನನ್ನು ಕರೆದಿದ್ದರು. ಅದು ನಮಗೇನು ಗೊತ್ತು?

ಚಿಕ್ಕಮುನಿಯಪ್ಪನವರು ನಿಂತಲ್ಲೇ ಬೆವರಿದರು. "ಅಯ್ಯೋ ಶಿವನೇ. ಇವನಿಗೆ ಆ ಕಾಯಿಲೆ! ನನ್ನ ಗಾಡಿ ಮೇಲೆ ಕೂತ್ಕೊಂಡ್ ಬಂದಿದಾನೆ! ಅದಕ್ಕೇ ಪೆಟ್ರೋಲ್ ಹಾಕ್ಸಿದ್ದು, ಪಾಪ ಕಳ್ಕೊಳ್ಳೋಕೆ."

"ಹಿಂದೆ ಕೂತಿದ್ದವರು?"

"ಯಾರೋ ಜೊತೆಗೆ ಬಂದೋರು. ಕೂಗಿದ್ದು ಯಾರ ಹೆಸರನ್ನ? ಕಿವಿ ಇದೆ ತಾನೇ ನಿಮಗೆ?"

ಕಿವಿ ಇತ್ತು.

ಅವರು ಯಾರ ಮೇಲೂ ಹಗೆಯಿಂದ ಹೇಳಿದವರಲ್ಲ. ಎಚ್ಚರಿಕೆಗಾಗಿ ಮಾತ್ರ ಹೇಳಿದರು. ಕ್ಷೌರದಂಗಡಿಯಲ್ಲಿ ಹೇಳಿದರು, ಸೀಮೆಎಣ್ಣೆಯ ಸಾಲಿನಲ್ಲಿ ಹೇಳಿದರು, ಕಾರ್ಖಾನೆಯ ಗೇಟಿನಲ್ಲಿ ಮೋಟಾರ್ ಸೈಕಲ್ ಇದ್ದವರಿಗೆಲ್ಲ ಡಬ್ಬಿ ಮುಚ್ಚುವಾಗ ಹೇಳಿದರು. ಎರಡೇ ದಿನದಲ್ಲಿ ಗ್ಯಾರೇಜು ಖಾಲಿಯಾಯಿತು. ಎಂಜಿನ್ನು ಬಿಚ್ಚಿಟ್ಟಿದ್ದ ಗಾಡಿಯೊಂದನ್ನು ಅದರ ಯಜಮಾನ ಗೋಣಿಚೀಲದಲ್ಲಿ ತುಂಬಿಕೊಂಡು ಹೋದ. ಬೈರಣ್ಣನವರು ತುರ್ತು ಸಭೆ ಕರೆದರು. ಅವರು ಬಡಾವಣೆಯ ಹಿತರಕ್ಷಣಾ ಸಂಘದ ಸಂಸ್ಥಾಪಕ ಅಧ್ಯಕ್ಷರು. ಸಂಘಕ್ಕೆ ಆಗಲೇ ಲೆಟರ್‌ಹೆಡ್ ಇತ್ತು, ಮೊಹರು ಇತ್ತು. ಸದಸ್ಯರು ಮಾತ್ರ ಇನ್ನೂ ಬರಬೇಕಾಗಿತ್ತು. ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ ಗ್ಯಾರೇಜನ್ನು ಬಡಾವಣೆಯ ಹೊರಗೆ ಹಾಕಬೇಕೆಂಬ ಠರಾವನ್ನು ಅವರೇ ಮಂಡಿಸಿ, ಅವರೇ ಅನುಮೋದಿಸಿ, ನಮ್ಮ ಕಡೆ ನೋಡಿ ಚಪ್ಪಾಳೆಗಾಗಿ ಕಾದರು.

ನೂರುಲ್ಲಾ ಮಾತ್ರ 'ಆ ಕಾಯಿಲೆ ನನಗಿಲ್ಲ' ಎಂದು ಹೇಳಲೇ ಇಲ್ಲ. ಅದು ಚಿಕ್ಕಮುನಿಯಪ್ಪನವರನ್ನು ಕಾಡತೊಡಗಿತು. ಗೇಟಿನಲ್ಲಿ ಅವರು ಕಂಡ ಮಟ್ಟಿಗೆ, ಏನೂ ಇಲ್ಲದವನೂ ಜೋರಾಗಿ ಕೂಗಾಡುತ್ತಾನೆ, ಏನಾದರೂ ಇದ್ದವನೂ ಜೋರಾಗಿ ಕೂಗಾಡುತ್ತಾನೆ. ಸುಮ್ಮನಿರುವವನನ್ನು ಅವರು ನೋಡಿಯೇ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಜಾವಾ ಹತ್ತಿ ನೇರ ಗ್ಯಾರೇಜಿಗೆ ಹೋದರು. ನಾನು ಅಲ್ಲೇ ಇದ್ದೆ. ನನ್ನ ರಾಜದೂತಿನ ಕ್ಲಚ್ಚು ಬಿಚ್ಚಿಟ್ಟಿದ್ದರಿಂದ ಅದೊಂದೇ ಗಾಡಿ ಅಲ್ಲಿ ಉಳಿದಿತ್ತು. ಧೈರ್ಯದಿಂದ ಉಳಿದದ್ದಲ್ಲ; ಗೋಣಿಚೀಲ ಸಿಕ್ಕಿರಲಿಲ್ಲ. ಒಳಗೆ ಟೈರುಗಳ ಹಿಂದೆ ಮುನಿಕೆಂಪಮ್ಮ ಸೊಪ್ಪಿನ ಖಾಲಿ ಮಂಕರಿ ಮಗುಚಿ ಹಾಕಿ ಅದರ ಮೇಲೆ ಕೂತಿದ್ದಳು. ಹಿಂದಿನ ದಿನ ಗಾಡಿಯಿಲ್ಲದೆ ಅವಳಿಗೆ ಹೋಗಲಾಗಿರಲಿಲ್ಲ. ಇವತ್ತೂ ಹೊತ್ತು ಮೀರುತ್ತಿತ್ತು.

"ಇನ್ನ ಬುಟ್ಬುಡು ಮಗಾ," ಎನ್ನುತ್ತಿದ್ದಳು ನೂರುಲ್ಲಾನಿಗೆ. "ಅರ್ಧ ಆಗೈತಲ್ಲ, ಅಷ್ಟೇ ಸಾಕು. ಆ ದೇವ್ರು ಇಟ್ಟಂಗೆ ಆಯ್ತದೆ."

"ನಮ್ ಅಮ್ಮೀನೂ ಇದೇ ಮಾತು ಹೇಳಿತ್ತು," ಎಂದ ನೂರುಲ್ಲಾ. "ಸುಮ್ನೆ ಕೂತ್ಕೋ ಅಮ್ಮಾ, ಏನೋ ಮಾಡ್ತೀನಿ."

ಚಿಕ್ಕಮುನಿಯಪ್ಪನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಏನದು ಅರ್ಧ? ಏನ್ ನಡೀತಿದೆ ಇಲ್ಲಿ? ಕೆಂಪಮ್ಮ, ನೀನ್ಯಾಕೆ ಇಲ್ಲಿದೀಯ?"

ಮುನಿಕೆಂಪಮ್ಮ ಎದ್ದು ನಿಂತಳು. ನೂರುಲ್ಲಾ ಬೇಡ ಬೇಡ ಎಂದು ಕೈ ಅಲ್ಲಾಡಿಸಿದ. ಅವಳು ಅವನ ಕಡೆ ನೋಡಲಿಲ್ಲ.

"ಇವ್ನಿಗೇನೂ ಇಲ್ಲ ಸ್ವಾಮಿ. ಆ ಕಾಯ್ಲೆ ನಂಗೆ. ನನ್ನ ಕರ್ಕೊಂಡ್ ಓಗಿ ಬಂದು ಈ ಯಪ್ಪ ಅಂಗಡಿ ಕಳ್ಕೊಂಡ."

ಚಿಕ್ಕಮುನಿಯಪ್ಪನವರ ಬಲಗೈ ತಾನೇ ತಾನಾಗಿ ಅವರ ಹೊಟ್ಟೆಯ ಮೇಲೆ ಹೋಯಿತು. ಹಿಂದಿನ ರಾತ್ರಿ ಅವರು ಎರಡು ಸಲ ಹಾಕಿಸಿಕೊಂಡು ಉಂಡ ಮಸ್ಸೊಪ್ಪಿನ ಸೊಪ್ಪು ಇವಳು ಕೊಟ್ಟದ್ದೇ. ಆದರೆ ಭಯಕ್ಕಿಂತ ಅನುಮಾನ ಅವರಲ್ಲಿ ಹಳೆಯದು; ಅದೇ ಮೊದಲು ಬಾಯಿಬಿಟ್ಟಿತು.

"ಸುಳ್ಳು. ಇವನನ್ನ ಉಳಿಸೋಕೆ ಹೇಳ್ತಿದೀಯ. ಎಲ್ಲಿ, ಬಾಯಿ ತೆಗಿ."

ಡಬ್ಬಿ ತೆಗಿ ಎನ್ನುವ ದನಿಯಲ್ಲೇ ಹೇಳಿದರು. ಮುನಿಕೆಂಪಮ್ಮ ಸೆರಗು ಸರಿಸಿ ಬಾಯಿ ತೆರೆದಳು. ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಲಿಲ್ಲ.

ಆರು ವಾರದ ಕರೆಂಟು, ಅರ್ಧಕ್ಕೆ ಬಿಟ್ಟರೆ ದಂಡ ಎಂಬುದನ್ನೆಲ್ಲ ನೂರುಲ್ಲಾ ಹೇಳಿದ. ಚಿಕ್ಕಮುನಿಯಪ್ಪನವರು ಅವನ ಕಡೆ ತಿರುಗಿದರು. "ಆರು ವಾರ ಕೊಡ್ಬೇಕು ಅಂತ ಡಾಕ್ಟ್ರು ನಿಜವಾಗ್ಲೂ ಹೇಳಿದಾರಾ? ನೀನು ಕೇಳಿದ್ಯಾ? ಅರ್ಧ ಬಿಟ್ರೆ ದಂಡ ಅಂತ ಯಾರು ಹೇಳಿದ್ದು?"

"ಡಾಕ್ಟ್ರೇ ಹೇಳಿದ್ದು ಸಾಬ್."

"ನೀನ್ ಹೇಳಿದ್ರೆ ನಾನ್ ನಂಬ್ಬೇಕಾ? ನಾನೇ ಹೋಗಿ ಕೇಳ್ತೀನಿ. ಹತ್ತು ಕೆಂಪಮ್ಮ."

"ನಾನು ಓಡಿಸ್ತೀನಿ ಸಾಬ್, ನೀವು ತೊಂದ್ರೆ..."

"ನನ್ನ ಗಾಡಿ ಮೇಲೆ ಕೂರೋದಾದ್ರೆ ಓಡ್ಸೋನು ನಾನೇ. ನೀನ್ ಎಲ್ಲಿಗ್ ಕರ್ಕೊಂಡ್ ಹೋಗ್ತೀಯೋ, ಯಾರಿಗೆ ಗೊತ್ತು."

ಹೋಗುವ ಮೊದಲು ನನ್ನ ಬಾಯಿಯ ಮೇಲೂ ಅವರಿಗೆ ನಂಬಿಕೆ ಸಾಲದೆ, ರಾಜದೂತಿನ ಹೆಡ್‌ಲೈಟಿನ ಮೇಲೆ ಕೈ ಇಡಿಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡರು.

ಹೀಗೆ ಅವರು ಪರೀಕ್ಷೆಗೆಂದು ಒಂದು ದಿನ ಹೋದರು. ಡಾಕ್ಟರು ಹೇಳಿದ್ದು ನಿಜವೇ ಆಗಿತ್ತು. ಒಂದು ದಿನ ತಪ್ಪಿದ್ದಕ್ಕೆ ಕೊನೆಯಲ್ಲಿ ಒಂದು ದಿನ ಸೇರಿಸುತ್ತೇವೆ, ಇನ್ನು ತಪ್ಪಿಸಬೇಡಿ ಎಂದರಂತೆ. ಮರುದಿನ ಹೋದದ್ದು, ಯಂತ್ರದವನು ಪೂರ್ತಿ ಹೊತ್ತು ಕರೆಂಟು ಕೊಡುತ್ತಾನೋ ಇಲ್ಲವೋ ನೋಡಲು. ಮೂರನೆಯ ದಿನದ ಕಾರಣ ನನಗೆ ನೆನಪಿಲ್ಲ; ಅವರಿಗೂ ಇರಲಿಲ್ಲ. ಯಾರ ಕಣ್ಣಿಗೂ ಬೀಳದಂತೆ ಮೇಖ್ರಿ ಸರ್ಕಲ್ ದಾಟಿದ ಮೇಲೆ ಅವಳನ್ನು ಹತ್ತಿಸಿಕೊಳ್ಳುತ್ತಿದ್ದರು.

ಆದರೆ ಊರಿಗೆ ಒಬ್ಬನೇ ಚಿಕ್ಕಮುನಿಯಪ್ಪ ಇರುವುದಿಲ್ಲ. ಬೈರಣ್ಣನವರ ಭಾವಮೈದುನ ಯಾರನ್ನೋ ನೋಡಲು ಹೋಗಿ ಆಸ್ಪತ್ರೆಯ ಸ್ಟ್ಯಾಂಡಿನಲ್ಲಿ ಜಾವಾ ನೋಡಿದ್ದ. ಭಾನುವಾರ ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಕೂತಿದ್ದ ಬೈರಣ್ಣನವರು ಕನ್ನಡಿಯಲ್ಲೇ ವಿಚಾರಣೆ ಶುರುಮಾಡಿದರು. ನಾನು ಪಕ್ಕದ ಬೆಂಚಿನಲ್ಲಿದ್ದೆ.

"ಏನ್ ಸಮಾಚಾರ ಚಿಕ್ಕಮುನಿಯಪ್ಪನೋರೇ? ದಿನಾ ಆ ಆಸ್ಪತ್ರೆ ಕಡೆ ಸವಾರಿ ಅಂತೆ? ಆ ಮೆಕ್ಯಾನಿಕ್ಕಿನ ಜೊತೆ ನಿಮಗೇನ್ರೀ ವ್ಯವಹಾರ? ಸಂಘಕ್ಕೆ ಗೊತ್ತಾಗ್ಬೇಕು."

ಅಂಗಡಿಯಲ್ಲಿ ಕತ್ತರಿ ನಿಂತಿತು. ಚಿಕ್ಕಮುನಿಯಪ್ಪನವರು ನನ್ನನ್ನೊಮ್ಮೆ ನೋಡಿದರು. ನೂರುಲ್ಲಾನಿಗೆ ಕಾಯಿಲೆ ಎಂದರೆ ಗ್ಯಾರೇಜು ಹೋಯಿತು. ಅವನಿಗಿಲ್ಲ ಎಂದರೆ, ಮತ್ತೆ ಯಾರಿಗೆ ಎಂದು ಹುಡುಕುತ್ತ ಸಂಜೆಯೊಳಗೆ ತಣಿಸಂದ್ರ ತಲುಪುತ್ತಾರೆ. ಈ ಹುಡುಕುವ ಕೆಲಸ ಹೇಗೆ ನಡೆಯುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ನಂಗೇ ಕಣ್ರೀ," ಎಂದರು.

"ಏನು ನಿಮಗೆ?"

"ಆ ಕಾಯ್ಲೆ. ನೂರುಲ್ಲಾ ನನ್ನ ಗಾಡೀಲಿ ಹೋಗಿದ್ದು ನನಗೋಸ್ಕರ ವಿಚಾರಿಸ್ಕೊಂಡ್ ಬರೋಕೆ. ಹೇಳ್ಕೊಳ್ಳೋಕೆ ನಾಚ್ಕೆ ಆಯ್ತು, ಅವನ ತಲೆಗೆ ಕಟ್ದೆ. ಸಾಕಾ? ಠರಾವು ಬರ್ಕೊಳ್ಳಿ."

ಕ್ಷೌರಿಕ ತನ್ನ ಕೈಯಲ್ಲಿದ್ದ ಟವೆಲ್ಲನ್ನು ನೋಡಿದ. ಅದು ಒಂದು ನಿಮಿಷದ ಹಿಂದೆ ಚಿಕ್ಕಮುನಿಯಪ್ಪನವರ ಹೆಗಲ ಮೇಲಿತ್ತು. ಬೈರಣ್ಣನವರು ಅರ್ಧ ಸೋಪಿನಲ್ಲೇ ಎದ್ದು, ಸಂಘದ ಪರವಾಗಿ ಸಂತಾಪದಂಥದೇನೋ ಗೊಣಗಿ ಹೊರಟುಹೋದರು.

ನೂರುಲ್ಲಾನ ಗ್ಯಾರೇಜಿಗೆ ಒಂದು ವಾರದಲ್ಲಿ ಗಾಡಿಗಳು ವಾಪಸ್ಸು ಬಂದವು. ಗೋಣಿಚೀಲದವನೂ ಬಂದ, ಒಂದು ಸ್ಪ್ರಿಂಗು ಕಡಿಮೆಯಿದೆ ಎಂದು ಜಗಳವಾಡಿದ. ನೂರುಲ್ಲಾನನ್ನು ಬಿಟ್ಟುಹೋದ ಅನುಮಾನ ಪೂರಾ ಚಿಕ್ಕಮುನಿಯಪ್ಪನವರ ಮೇಲೆ ಬಂದು ಕೂತಿತು. ಟೀ ಅಂಗಡಿಯಲ್ಲಿ ಅವರಿಗೆ ಸೀಳು ಬಿಟ್ಟ ಒಂದು ಬೇರೆ ಲೋಟ ಬಂತು. ಕಾರ್ಖಾನೆಯ ಗೇಟಿನಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಅವರು ಡಬ್ಬಿಗೆ ಕೈ ಚಾಚಿದರೆ ಜನ ಹಿಂದೆ ಸರಿಯುತ್ತಿದ್ದರು. "ನೀವ್ ಮುಟ್ಬೇಡಿ ಸಾರ್, ನಾವೇ ತೋರಿಸ್ತೀವಿ" ಎಂದು ದೂರದಿಂದಲೇ ಮುಚ್ಚಳ ಎತ್ತಿ ಮುಚ್ಚಿ ಓಡುತ್ತಿದ್ದರು. ಆ ಗೇಟಿನಿಂದ ಆ ತಿಂಗಳು ಏನೇನು ಹೊರಗೆ ಹೋಯಿತೋ ದೇವರೇ ಬಲ್ಲ. ಜೀವಮಾನವಿಡೀ ಇನ್ನೊಬ್ಬರನ್ನು ತಡವಿ ನೋಡಿದ ಮನುಷ್ಯನನ್ನು ಈಗ ಯಾರೂ ಮುಟ್ಟುತ್ತಿರಲಿಲ್ಲ. ಆದರೂ ಬೆಳಿಗ್ಗೆ ಮಾತ್ರ ತಪ್ಪದೆ ಜಾವಾ ಒದೆಯುವ ಸದ್ದು ಕೇಳುತ್ತಿತ್ತು.

ಸುದ್ದಿ ಸುಬ್ಬಮ್ಮನ ಕಿವಿಗೆ ಬೀಳದಿರುತ್ತದೆಯೇ? ಆಕೆ ಗಂಡನ ಜೊತೆ ಜಗಳವಾಡುವುದನ್ನು ನಿಲ್ಲಿಸಿದರು. "ಇವಳು ಯಾಕ್ರೀ ಬೈತಿಲ್ಲ? ಏನೋ ಮುಚ್ಚಿಡ್ತಿದಾಳೆ," ಎಂದು ಅವರು ನನ್ನ ಹತ್ತಿರ ಗುಟ್ಟಾಗಿ ಕೇಳಿದರು.

ಒಂದು ಬೆಳಿಗ್ಗೆ ನಾನು ಗಿಡಗಳಿಗೆ ನೀರು ಹಾಕುತ್ತಿದ್ದೆ. ಆಚೆ ಕಡೆ ಮುನಿಕೆಂಪಮ್ಮ ಮಂಕರಿ ಇಳಿಸಿದಳು. ಸುಬ್ಬಮ್ಮ ಸೊಪ್ಪು ನೋಡದೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಇನ್ನೆಷ್ಟು ದಿನ ಸೊಪ್ಪು ತಗೋತೀನೋ ಕಣೇ ಕೆಂಪಮ್ಮ. ತಿನ್ನೋರೇ ಇರಲ್ಲ ಅಂದ್ಮೇಲೆ."

ಮುನಿಕೆಂಪಮ್ಮನ ಕೈ ಮಂಕರಿಯ ಮೇಲೇ ನಿಂತಿತು. ಇನ್ನು ಒಂದೇ ವಾರದ ಕರೆಂಟು ಬಾಕಿ. ಸುಮ್ಮನಿದ್ದಿದ್ದರೆ ಸೊಪ್ಪೂ ಉಳಿಯುತ್ತಿತ್ತು, ಗುಟ್ಟೂ ಉಳಿಯುತ್ತಿತ್ತು.

"ಅಳ್ಬೇಡ ಕಣವ್ವಾ," ಎಂದಳು. "ನಿನ್ ಗಂಡಂಗೆ ಏನೂ ಆಗಿಲ್ಲ. ಆಗಿರಾದು ನಂಗೆ."

ಸೆರಗು ಸರಿಸಿದಳು. ಕರೆಂಟು ತಾಗಿದ ಕೆನ್ನೆ ಸುಟ್ಟ ಬದನೆಕಾಯಿಯ ಸಿಪ್ಪೆಯಂತಿತ್ತು. ಎಲ್ಲವನ್ನೂ ಹೇಳಿದಳು. ಸುಬ್ಬಮ್ಮ ಒಂದು ಹೆಜ್ಜೆ ಹಿಂದೆ ಸರಿದದ್ದು ನನಗೆ ಕಂಡಿತು.

"ಎಷ್ಟು ದಿನದಿಂದ?"

"ಯುಗಾದಿಯಿಂದ."

"ಯುಗಾದಿಯಿಂದ ನಮ್ಮನೆಗೆ ಸೊಪ್ಪು ಹಾಕ್ತಿದೀಯ!"

"ಸೊಪ್ಪನ್ನ ಕೈಯಾಗೆ ಕೀಳ್ತೀನಿ ಕಣವ್ವ, ಬಾಯಾಗಲ್ಲ. ಬ್ಯಾಡ ಅಂದ್ರೆ ಬ್ಯಾಡ ಅನ್ನು, ಇನ್ಮ್ಯಾಲೆ ಈ ಬೀದಿಗೆ ಬರಾಕಿಲ್ಲ."

ನನ್ನ ಕೊಳವೆಯ ನೀರು ಒಂದೇ ಗಿಡಕ್ಕೆ ಹೋಗುತ್ತಿತ್ತು. ಸುಬ್ಬಮ್ಮ ಹಿಂದಿಟ್ಟ ಹೆಜ್ಜೆಯನ್ನು ಮತ್ತೆ ಮುಂದಿಟ್ಟರು. ಆಮೇಲೆ ಬಗ್ಗಿ ದಂಟಿನ ಒಂದು ಕಟ್ಟನ್ನು ಕೈಗೆತ್ತಿಕೊಂಡರು.

"ಏನೇ ಇದು ಕಟ್ಟು? ಮೇಲೆ ಮಾತ್ರ ಎಲೆ, ಒಳಗೆಲ್ಲ ಕಡ್ಡಿ. ಇನ್ನೊಂದು ಹಿಡಿ ಹಾಕು."

"ಆಕಾಕಿಲ್ಲ."

"ಹಾಕಲ್ವಾ? ಹಿಂಗಾದ್ರೆ ನಾಗವಾರದೋಳ ಹತ್ರ ತಗೋತೀನಿ."

"ತಗೋ ಓಗು. ಅವ್ಳು ಕೆರೆ ನೀರಾಗೆ ತೊಳೀತಾಳೆ."

ಜಗಳ ಜೋರಾಯಿತು. ಇಬ್ಬರ ಮುಖವೂ ಬಹಳ ದಿನಗಳ ಮೇಲೆ ಗೆಲುವಾಗಿತ್ತು.

ಮುನಿಕೆಂಪಮ್ಮ ಹೋದ ಮೇಲೆ ಸುಬ್ಬಮ್ಮ ಕಾಂಪೌಂಡಿನ ಹತ್ತಿರ ಬಂದರು. "ರಾಯ್ರೇ, ಕೇಳಿಸ್ಕೊಂಡಿದೀರ ಅಂತ ಗೊತ್ತು. ನಮ್ಮನೆಯೋರು ದಿನಾ ಅವಳನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಾರಂತೆ. ಮದ್ವೆ ಆದಾಗಿನಿಂದ ನನ್ನನ್ನ ಒಂದಿನ ಲಾಲ್‌ಬಾಗಿಗೆ ಕರ್ಕೊಂಡ್ ಹೋಗಿಲ್ಲ. ಇದ್ರಲ್ಲಿ ಏನೋ ಇದೆ. ನಾಳೆ ನಿಮ್ಮ ಗಾಡಿ ತೆಗೀರಿ."

ಅದೇ ರಾಜದೂತ್, ಅದೇ ದಾರಿ, ಹಿಂದೆ ಮಾತ್ರ ಈ ಸಲ ಹೆಂಡತಿ. ಆಸ್ಪತ್ರೆಯ ಅಂಗಳದಲ್ಲಿ ಒಂದು ಕಂಬದ ಹಿಂದೆ ನಿಂತು ನೋಡಿದೆವು. ಚಿಕ್ಕಮುನಿಯಪ್ಪನವರು ಸಾಲಿನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದರು. ಮಧ್ಯೆ ನುಗ್ಗಲು ಬಂದ ಒಬ್ಬ ಸಫಾರಿ ಸೂಟಿನವನನ್ನು ಹೆಗಲು ಹಿಡಿದು ಕೊನೆಗೆ ತಂದು ನಿಲ್ಲಿಸಿದರು. ಅವನಿಗೆ ಇವರು ಯಾರೆಂದು ಕೇಳುವ ಧೈರ್ಯವಾಗಲಿಲ್ಲ. ಮುನಿಕೆಂಪಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಕರೆಂಟಿನಿಂದ ಬಾಯೆಲ್ಲ ಹುಣ್ಣು, ಬಿಸಿ ತಾಗುವಂತಿಲ್ಲ. ಅವರು ಚೀಲದಿಂದ ಪಾತ್ರೆ ತೆಗೆದು ಅಂಬಲಿಯನ್ನು ಲೋಟಕ್ಕೆ ಬಗ್ಗಿಸಿದರು. ಮೂಸಿದರು. ಬೆರಳಿನಿಂದ ಮುಟ್ಟಿದರು. ತಣ್ಣಗಿದೆಯೆಂದು ಬೆರಳು ಹೇಳಿದ್ದನ್ನೂ ನಂಬದೆ ಒಂದು ಗುಟುಕು ತಾವೇ ಕುಡಿದು ನೋಡಿ, ಅವಳಿಗೆ ಕೊಟ್ಟರು. ಅವಳಿಗೆ ಅರ್ಧ ಮಾತ್ರ ಸೇರಿತು. ಉಳಿದದ್ದನ್ನು ಚೆಲ್ಲುವುದೇಕೆಂದು ಅದೇ ಲೋಟದಿಂದ ಅವರೇ ಕುಡಿದು ಮುಗಿಸಿದರು.

ಸುಬ್ಬಮ್ಮ ಕಂಬದ ಹಿಂದಿನಿಂದ ಕತ್ತು ಚಾಚಿ ಆ ಖಾಲಿ ಲೋಟವನ್ನು ನೋಡಿದರು. ಆಮೇಲೆ, "ಅಂಬಲಿಗೆ ಉಪ್ಪು ಹಾಕಿದಾಳೋ ಇಲ್ವೋ. ನಾಳೆಯಿಂದ ನಾನೇ ಮಾಡಿ ಕೊಡ್ತೀನಿ," ಎಂದರು. ಗಂಡನ ಎದುರಿಗೆ ಹೋಗದೆ, ದಾರಿಯಲ್ಲೂ ಅವರ ಕಣ್ಣಿಗೆ ಬೀಳಬಾರದೆಂದು ನನ್ನ ಗಾಡಿ ಬಿಟ್ಟು ಬಸ್ಸಿನಲ್ಲಿ ವಾಪಸ್ಸು ಬಂದರು. ಅವತ್ತು ರಾತ್ರಿ ಆ ಮನೆಯಲ್ಲಿ ಬೈಗುಳ ಮತ್ತೆ ಶುರುವಾಯಿತು. ಚಿಕ್ಕಮುನಿಯಪ್ಪನವರು ನೆಮ್ಮದಿಯಾಗಿ ಮಲಗಿದರಂತೆ.

ಕೊನೆಯ ದಿನದ ಕರೆಂಟೂ ಆಯಿತು. ಡಾಕ್ಟರು ಬಾಯಿ ನೋಡಿ, ಮೊದಲಿನ ಹುಣ್ಣು ಕರಗಿದೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸುತ್ತಿರಬೇಕು, ಈಗಲೇ ಪೂರ್ತಿ ವಾಸಿ ಎನ್ನಲಾರೆ ಎಂದರು. "ಈ ಡಾಕ್ಟ್ರು ನಂಬಿಕಸ್ಥ," ಎಂದರು ಚಿಕ್ಕಮುನಿಯಪ್ಪನವರು. "ವಾಸಿಯಾಯ್ತು ಅಂದಿದ್ರೆ ನಾನು ಒಪ್ತಿರಲಿಲ್ಲ."

ಒಂದೆರಡು ದಿನ ಜಾವಾ ಸುಮ್ಮನೆ ನಿಂತಿತ್ತು. ಮೂರನೆಯ ದಿನ ಕಾಂಪೌಂಡಿನ ಆಚೆಯಿಂದ ಕರೆ ಬಂತು. "ರಾಯ್ರೇ, ಆ ಸಾಲಿನಲ್ಲಿ ಬಾಗಲಗುಂಟೆಯ ಮುನಿಯಲ್ಲಪ್ಪ ಅಂತ ಒಬ್ಬ ಮುದುಕ ಬರ್ತಿದ್ದ. ಗಂಟಲದು. ಕಡೇ ವಾರ ಎರಡು ದಿನ ತಪ್ಪಿಸಿದಾನೆ, ನಾನು ನೋಡ್ದೆ. ಬಸ್ ಸಿಗ್ಲಿಲ್ಲ ಅಂದ. ಸುಳ್ಳೋ ನಿಜವೋ, ಹೋಗಿ ನೋಡ್ಬೇಕು."

ಇಬ್ಬರು ಗಂಡಸರು ಹೋಗಿ ಕರೆದರೆ ಹೆದರಿಕೊಳ್ಳುತ್ತಾನೆ ಎಂದು ಮುನಿಕೆಂಪಮ್ಮ ತಾನೂ ಬರುತ್ತೇನೆಂದಳು. ನನ್ನ ಹಿಂದೆ ಕೂತಳು.

ಬಾಗಲಗುಂಟೆಯಲ್ಲಿ ಮುನಿಯಲ್ಲಪ್ಪ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ವಿಷಯ ಕೇಳಿ ಇನ್ನೂ ಬಿಗಿಯಾಗಿ ಹೊದ್ದುಕೊಂಡ.

"ಸುಮ್ ಸುಮ್ನೆ ಯಾರಾನಾ ಕರ್ಕೊಂಡ್ ಓಯ್ತಾರಾ? ಸಾಲ್ನಾಗೆ ನೋಡಿದ್ ಮಾತ್ರಕ್ಕೆ ನೀವ್ಯಾರು ಅಂತ ನಂಗೇನ್ ಗೊತ್ತು? ಯಾವ್ ಪಾರ್ಟಿ?"

"ಪಾರ್ಟಿ ಇಲ್ಲಪ್ಪ, ಆಸ್ಪತ್ರೆಗೆ," ಎಂದೆ.

"ನಂಗೊತ್ತು ಕಣಯ್ಯ. ಕರ್ಕೊಂಡ್ ಓಗಿ ಹೆಬ್ಬೆಟ್ಟು ಒತ್ತಿಸ್ಕೊಂಡು ಈ ಹಿತ್ಲು ಬರ್ಸ್ಕೊಂಡ್ಬುಡ್ತೀರ."

ಸುತ್ತ ಜನ ಸೇರತೊಡಗಿದರು. ಮುನಿಕೆಂಪಮ್ಮ ಮುಂದೆ ಹೋದಳು. ತಣಿಸಂದ್ರದಿಂದ ಹೆಬ್ಬಾಳದವರೆಗೆ ಎಷ್ಟು ಬೀದಿಗಳಲ್ಲಿ ಹಲ್ಲುನೋವು ಎಂದಿದ್ದವಳು, ಆ ಗುರುತಿಲ್ಲದ ಬೀದಿಯಲ್ಲಿ ಎಲ್ಲರ ಎದುರಿಗೆ ಸೆರಗು ತೆಗೆದು ಕಪ್ಪಾದ ಕೆನ್ನೆಯನ್ನು ತೋರಿಸಿದಳು.

"ನೋಡಣ್ಣ. ಅದೇ ಕಾಯ್ಲೆ ನಂಗಿದ್ದಿದ್ದು. ಈ ಗಾಡಿ ಮ್ಯಾಲೇ ಓಗಿ ಬಂದೆ, ಪೂರಾ ಮುಗುಸ್ದೆ. ಅರ್ಧಕ್ಕೆ ಬುಡಬ್ಯಾಡ. ಏಳು."

ಮುದುಕ ಅವಳ ಕೆನ್ನೆಯನ್ನು ನೋಡಿದ. ಜಾವಾವನ್ನು ನೋಡಿದ. ನನ್ನನ್ನು ನೋಡಿದ. ಕೊನೆಗೆ ಹೇಳಿದ:

"ನೀನೂ ಇವ್ರ ಕಡೆಯೋಳೇ ಇರ್ಬೇಕು."

ನಾನು ಕೈಚೆಲ್ಲಿದೆ. ಚಿಕ್ಕಮುನಿಯಪ್ಪನವರ ಮುಖ ನೋಡಿದರೆ ಅದು ಅರಳಿತ್ತು. ಅಷ್ಟು ವರ್ಷ ನೆರೆಯಲ್ಲಿದ್ದು ಅವರು ಒಬ್ಬ ಮನುಷ್ಯನನ್ನು ಮೆಚ್ಚಿದ್ದು ನಾನು ನೋಡಿದ್ದು ಅದೇ ಮೊದಲು.

"ಸರಿಯಾಗಿದಾನೆ ಕಣ್ರೀ ಈ ಯಪ್ಪ," ಎಂದರು ನನ್ನ ಕಿವಿಯಲ್ಲಿ. ಆಮೇಲೆ ಮುದುಕನ ಎದುರು ಕುಕ್ಕರಗಾಲಿನಲ್ಲಿ ಕೂತರು. "ನಂಬ್ಬೇಡ ಯಜಮಾನ. ನಮ್ಮಲ್ಲಿ ಯಾರನ್ನೂ ನಂಬ್ಬೇಡ. ನಾನಾಗಿದ್ರೂ ನಂಬ್ತಿರಲಿಲ್ಲ. ನಿನ್ನ ಕೋಲು ತಗೋ, ಹಿಂದೆ ಕೂತ್ಕೋ. ದಾರಿ ತಪ್ಪಿಸಿದೆ ಅನ್ನಿಸಿದ್ರೆ ತಲೆಗೆ ಬಾರಿಸು."

ಮುದುಕ ಯೋಚಿಸಿದ. ಇದು ಅವನಿಗೆ ನ್ಯಾಯವಾಗಿ ಕಂಡಿತು. ಕೋಲು ತೆಗೆದುಕೊಂಡು ಎದ್ದ. ಜಾವಾ ಹೊರಟಾಗ ಅವನು ಒಂದು ಕೈಯಿಂದ ಸೀಟನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕೋಲನ್ನು ಚಿಕ್ಕಮುನಿಯಪ್ಪನವರ ತಲೆಗೆ ಸರಿಯಾಗಿ ಎತ್ತಿ ಹಿಡಿದಿದ್ದ. ಯಶವಂತಪುರದವರೆಗೂ ಅದನ್ನು ಇಳಿಸಲಿಲ್ಲ.